ಎರಡು ದಡಗಳ ಸಂಗೀತ

ತುಂಗಭದ್ರಾ ನದಿಯ ದಡದಲ್ಲಿರುವ ಹರಿಹರವು ಹಳೆಯ ಗಡಿಯೂರು. 1956ರಲ್ಲಿ ಕನ್ನಡ ನಾಡು ಒಂದಾಗುವವರೆಗೆ ನದಿಯ ಈಚೆಗೆ ಮೈಸೂರು ಸೀಮೆ. ಆಚೆಗೆ ಬಹುಕಾಲ ಮುಂಬಯಿ ಆಡಳಿತದಲ್ಲಿದ್ದ ಧಾರವಾಡ ಜಿಲ್ಲೆ. ನಕಾಶೆಯ ಮೇಲಿನ ಆ ಗೆರೆ ಅಳಿಸಿಹೋಯಿತು. ಆದರೆ ಸಂಗೀತದ ಮಾತು ಬಂದಾಗ ಅದು ಇಂದಿಗೂ ಜನರ ಮನಸ್ಸಿನಲ್ಲಿ ಉಳಿದಿದೆ. ನದಿಯ ದಕ್ಷಿಣಕ್ಕೆ ಕರ್ನಾಟಕ ಸಂಗೀತ, ಉತ್ತರಕ್ಕೆ ಹಿಂದುಸ್ತಾನಿ ಸಂಗೀತ ಎಂದು ವಾಡಿಕೆಯಾಗಿ ಹೇಳುವುದುಂಟು. ಹರಿಹರವೂ ಅದರ ನೆರೆಯ ದಾವಣಗೆರೆಯೂ ಈ ಎರಡು ಪದ್ಧತಿಗಳ ಎಲ್ಲೆಯ ಮೇಲೆ ನಿಂತಿರುವ ಊರುಗಳು.

ಬೆಳೆಗೆ ಸುಗ್ಗಿಯಿರುವಂತೆ ಸಂಗೀತಕ್ಕೂ ಸುಗ್ಗಿಯಿದೆ. ದಕ್ಷಿಣದಲ್ಲಿ ಅದು ರಾಮನವಮಿಯ ಕಾಲ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ಕಚೇರಿಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಉತ್ತರದಲ್ಲಿ ಗುರುಗಳ ಪುಣ್ಯತಿಥಿಯೇ ಸಂಗೀತದ ಹಬ್ಬ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಸ್ಮರಣೆ, ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳ ಸ್ಮರಣೆ ಗಾನದಿಂದಲೇ ನಡೆಯುತ್ತವೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ದಾವಣಗೆರೆ, ಹರಿಹರಗಳನ್ನು ಹಾದೇ ಹೋಗುತ್ತದೆ. ಇಂಥ ನಡುದಾರಿಯ ಊರಿನವರು ತಮ್ಮಲ್ಲಿ ಕಚೇರಿಗಳನ್ನು ಏರ್ಪಡಿಸುವಾಗ ಯಾವ ಸಂಗೀತವನ್ನು ಕರೆಯಬೇಕು? ಒಂದನ್ನು ಒಪ್ಪಿಕೊಂಡು ಇನ್ನೊಂದನ್ನು ಹೊರಗಿಡಬೇಕೆ? ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. ಎಳೆಯ ವಯಸ್ಸಿನಲ್ಲಿ ಕೇಳದ ಸಂಗೀತಕ್ಕೆ ಮುಂದೆ ಕಿವಿ ತೆರೆಯುವುದು ಕಷ್ಟ. ಹಿರಿಯರು ಇಂದು ಮುಚ್ಚಿದ ಬಾಗಿಲು ಮಕ್ಕಳ ಪಾಲಿಗೆ ಗೋಡೆಯಾಗಿಬಿಡುತ್ತದೆ.

ಈ ಭೇದವು ಅನಾದಿಯಾದುದೇನೂ ಅಲ್ಲ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದ್ದು ಕ್ರಿ.ಶ. 1224ರಲ್ಲಿ. ಅದೇ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿ ಶಾರ್ಙ್ಗದೇವನು 'ಸಂಗೀತ ರತ್ನಾಕರ'ವನ್ನು ರಚಿಸಿದನು. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥನು ಅದಕ್ಕೆ ವ್ಯಾಖ್ಯಾನ ಬರೆದನು. ಇಂದು ಎರಡು ಪದ್ಧತಿಗಳ ವಿದ್ವಾಂಸರೂ ಆ ಗ್ರಂಥವನ್ನು ತಮ್ಮದೆಂದೇ ಗೌರವಿಸುತ್ತಾರೆ. ಕವಲೊಡೆದ ಹೊಳೆಗೆ ಮೂಲ ಒಂದೇ ಅಲ್ಲವೇ?

ಕಲಾವಿದರಂತೂ ಈ ಎಲ್ಲೆಯನ್ನು ಎಂದೂ ಬೇಲಿಯೆಂದು ತಿಳಿಯಲಿಲ್ಲ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮೈಸೂರಿನ ಅರಮನೆಯಲ್ಲಿ ಹಾಡಿ ಮನ್ನಣೆ ಪಡೆದರು. ಅವರ ಶಿಷ್ಯ ಸವಾಯಿ ಗಂಧರ್ವರಿಂದ ಹಿಂದುಸ್ತಾನಿ ಗಾಯನವನ್ನು ಕಲಿತ ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಲ್ಲಿಕಾರ್ಜುನ ಮನಸೂರರು ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತದ ಪಾಠ ಹೇಳಿಸಿಕೊಂಡು, ಅನಂತರ ಮಿರಜಿನಲ್ಲಿ ನೀಲಕಂಠ ಬುವಾ ಅವರಿಂದ ಹಿಂದುಸ್ತಾನಿಯನ್ನು ಕಲಿತರು. ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ದೃಷ್ಟಿಹೀನರಾಗಿದ್ದೂ ಎರಡು ಪದ್ಧತಿಗಳನ್ನೂ ಸಾಧಿಸಿ, ಅಂಧ ಮತ್ತು ಅನಾಥ ಮಕ್ಕಳಿಗೆ ವಿದ್ಯಾದಾನ ಮಾಡಿದರು. ಹಾಡುವವರು ದಾಟಿದ ಹೊಳೆಯನ್ನು ಕೇಳುವವರು ದಾಟಲಾರರೆ?

'ಎರಡನ್ನೂ ಹತ್ತಿರ ತಂದರೆ ಕಲಬೆರಕೆಯಾಗುತ್ತದೆ. ಯಾವುದೂ ಶುದ್ಧವಾಗಿ ಉಳಿಯುವುದಿಲ್ಲ' ಎಂದು ಆಕ್ಷೇಪಿಸುವವರಿದ್ದಾರೆ. ಈ ಅಂಜಿಕೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಬೆರೆಸುವುದು ಬೇರೆ, ಎರಡನ್ನೂ ಕೇಳುವುದು ಬೇರೆ. ದಕ್ಷಿಣದ ಮೋಹನ ರಾಗಕ್ಕೂ ಉತ್ತರದ ಭೂಪ್ ರಾಗಕ್ಕೂ ಇರುವುದು ಅದೇ ಐದು ಸ್ವರಗಳು. ಮಕ್ಕಳಿಗೆ ಮೊದಲು ಕಲಿಸುವ ಮಾಯಾಮಾಳವಗೌಳದ ಸ್ವರಗಳೇ ಭೈರವ ರಾಗದಲ್ಲಿಯೂ ಇವೆ. ಹಾಗಿದ್ದರೂ ಎರಡರ ನಡೆ ಬೇರೆ. ಮೋಹನದ ಕೃತಿಯಲ್ಲಿ ಸಾಹಿತ್ಯದ ಭಾವ, ಕೈಯಲ್ಲಿ ಎಣಿಸುವ ಆದಿತಾಳದ 8 ಅಕ್ಷರಗಳು, ಮೃದಂಗದ ಸಂವಾದ ಮುಂದಾಗುತ್ತವೆ. ಭೂಪ್‌ನ ವಿಲಂಬಿತ ಖಯಾಲಿನಲ್ಲಿ ಗಾಯಕನು ಒಂದೊಂದು ಸ್ವರದಲ್ಲಿಯೂ ತಂಗಿ, ರಾಗವನ್ನು ನಿಧಾನವಾಗಿ ಅರಳಿಸುತ್ತಾನೆ. ಒಂದನ್ನು ಕೇಳಿದ ಮರುದಿನ ಇನ್ನೊಂದನ್ನು ಕೇಳಿದವನಿಗೆ ಎರಡರ ವೈಶಿಷ್ಟ್ಯವೂ ನಿಚ್ಚಳವಾಗುತ್ತದೆ. ಹೋಲಿಸಿ ನೋಡಿದಾಗಲೇ ತನ್ನದರ ಸೊಗಸು ತನಗೆ ತಿಳಿಯುವುದು.

ಹರಿಹರನ ಮೂರ್ತಿಯೂ ಇದನ್ನೇ ಹೇಳುತ್ತದೆ. ಬಲಭಾಗದಲ್ಲಿ ಹರ, ಎಡಭಾಗದಲ್ಲಿ ಹರಿ. ಹರನು ತ್ರಿಶೂಲವನ್ನು ಬಿಟ್ಟಿಲ್ಲ, ಹರಿಯು ಚಕ್ರವನ್ನು ಬಿಟ್ಟಿಲ್ಲ. ಇಬ್ಬರೂ ತಮ್ಮ ತಮ್ಮ ಲಾಂಛನಗಳನ್ನು ಉಳಿಸಿಕೊಂಡೇ ಒಂದು ಪೀಠದಲ್ಲಿ ನಿಂತಿದ್ದಾರೆ. ಒಂದಾಗಲು ತನ್ನತನವನ್ನು ಕಳೆದುಕೊಳ್ಳಬೇಕಾಗಿಲ್ಲ ಎಂಬುದೇ ಆ ಶಿಲ್ಪದ ಉಪದೇಶ.

ಆದ್ದರಿಂದ ಈ ಎಲ್ಲೆಯ ಊರುಗಳಲ್ಲಿ ಒಂದೇ ವೇದಿಕೆಯ ಮೇಲೆ ಒಂದು ಸಂಜೆ ಕರ್ನಾಟಕ ಸಂಗೀತ, ಮರು ಸಂಜೆ ಹಿಂದುಸ್ತಾನಿ ಸಂಗೀತ ನಡೆಯಬೇಕು. ಅದಕ್ಕಿಂತ ಮುಖ್ಯವಾದುದು, ಮೊದಲ ಸಂಜೆ ಬಂದವರೇ ಮರು ಸಂಜೆಯೂ ಬರಬೇಕು. ಪರಿಚಯವಿಲ್ಲದ ಸಂಗೀತ ಮೊದಮೊದಲು ಬೇಸರ ತರುವುದು ಸಹಜ. ಅರ್ಧಗಂಟೆ ತಾಳ್ಮೆಯಿಂದ ಕುಳಿತರೆ ಕಿವಿ ತಾನಾಗಿಯೇ ದಾರಿ ಕಂಡುಕೊಳ್ಳುತ್ತದೆ. ಹಿಂದೆ ಸಂಗೀತವನ್ನು ಅರಸರು ಸಾಕಿದರು. ಇಂದು ಅದನ್ನು ಸಾಕಬೇಕಾದವರು ಶ್ರೋತೃಗಳು. ಅವರ ಮುಂದಿನ ಸಾಲಿನಲ್ಲಿ ವಿದ್ಯಾರ್ಥಿಗಳು ಕುಳಿತಿರಬೇಕು. ಎರಡು ದಡಗಳಲ್ಲಿ ಯಾರೇ ಹಾಡಲು ಕುಳಿತರೂ ಹಿಂದೆ ಮಿಡಿಯುವುದು ಅದೇ ತಂಬೂರಿ. ಆ ಶ್ರುತಿಯನ್ನು ಬಾಲ್ಯದಲ್ಲಿಯೇ ಕೇಳಿದವರಿಗೆ ಯಾವ ದಡವೂ ಪರಕೀಯವಾಗದು.