ಕಟ್ಟಳೆಯ ಹಿಂದಿರುವ ಪ್ರೀತಿಯನ್ನು ಮಕ್ಕಳಿಗೆ ತಿಳಿಸೋಣ

ನಮ್ಮ ಕಥೋಲಿಕ ಮನೆಗಳಲ್ಲಿ ಮಕ್ಕಳು ಪ್ರಥಮ ಪರಮಪ್ರಸಾದ ಸ್ವೀಕರಿಸಲು ಸಿದ್ಧರಾಗುವ ಹೊತ್ತಿಗೆ ದೇವರ ಹತ್ತು ಕಟ್ಟಳೆಗಳು ಅವರಿಗೆ ಬಾಯಿಪಾಠವಾಗಿರುತ್ತವೆ. ಗುರುಗಳು ಕೇಳಿದರೆ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಹೆತ್ತವರು ಹಿಗ್ಗುತ್ತಾರೆ, ಹಿಗ್ಗುವುದು ಸಹಜವೇ. ಆದರೆ ಆ ಕಟ್ಟಳೆಗಳನ್ನು ಏಕೆ ಪಾಲಿಸಬೇಕೆಂದು ಅದೇ ಮಗುವನ್ನು ಕೇಳಿದರೆ ಎಷ್ಟೋ ಸಲ ಬರುವ ಉತ್ತರ ಒಂದೇ: ಪಾಲಿಸದಿದ್ದರೆ ದೇವರು ಶಿಕ್ಷೆ ಕೊಡುತ್ತಾನೆ. ಈ ಉತ್ತರ ಜ್ಞಾನೋಪದೇಶದ ಪುಸ್ತಕದಿಂದ ಬಂದುದಲ್ಲ. ಅಡುಗೆಮನೆಯಿಂದ, ಪಡಸಾಲೆಯಿಂದ ಬಂದುದು. ‘ಸುಳ್ಳು ಹೇಳಿದರ ದೇವ್ರು ಕಣ್ಣು ಕಳೀತಾನ’ ಎಂಬ ಮಾತು ನಮ್ಮ ಕಡೆಯ ಮಕ್ಕಳ ಕಿವಿಗೆ ಹೊಸದೇನೂ ಅಲ್ಲ.

ಹೀಗೆ ಹೆದರಿಸುವ ತಾಯ್ತಂದೆಯರಿಗೆ ಮಗುವಿನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಹೊಲದ ಕೆಲಸ, ಮಗ್ಗದ ಕೆಲಸ, ಅಂಗಡಿಯ ಕೆಲಸಗಳ ನಡುವೆ ಬಿಡಿಸಿ ಹೇಳಲು ಪುರುಸೊತ್ತಿಲ್ಲದಾಗ ಬೆದರಿಕೆಯೇ ಸುಲಭವಾದ ದಾರಿಯಾಗಿ ಕಾಣುತ್ತದೆ. ಮಗು ಅಂದಿಗೆ ಸುಮ್ಮನಾಗುತ್ತದೆ. ಆದರೆ ಅದರ ಬೆಲೆಯನ್ನು ತೆರಬೇಕಾಗುವುದು ಮುಂದೆ. ಸುಳ್ಳು ಹೇಳಿದರೂ ಕಣ್ಣು ಹೋಗಲಿಲ್ಲವೆಂಬುದನ್ನು ಮಗು ಒಂದೆರಡು ದಿನಗಳಲ್ಲಿಯೇ ಕಂಡುಕೊಳ್ಳುತ್ತದೆ. ಆಗ ಅದಕ್ಕೆ ಅನುಮಾನ ಬರುವುದು ತಾಯಿಯ ಮಾತಿನ ಮೇಲಷ್ಟೇ ಅಲ್ಲ, ದೇವರ ಮೇಲೂ ಹೌದು. ಹತ್ತನೆಯ ತರಗತಿ ಮುಗಿಸಿ ಬೆಳಗಾವಿಗೋ ಹುಬ್ಬಳ್ಳಿಗೋ ಓದಲು ಹೋದ ಹುಡುಗ ಭಾನುವಾರದ ಬಲಿಪೂಜೆಯನ್ನು ಮೆಲ್ಲಗೆ ಕೈಬಿಡುವುದುಂಟು. ಹೆದರಿಸುವವರು ದೂರವಾದ ಮೇಲೆ, ಹೆದರಿಕೆಯಿಂದ ಕಲಿತದ್ದೂ ದೂರವಾಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ದೇವರು ಶಿಕ್ಷಿಸುವವನೆಂದೇ ನಂಬಿ ಬೆಳೆದ ಮಗುವಿನ ಮನೆಯಲ್ಲಿ ತಂದೆಗೆ ಜಡ್ಡಾಗುತ್ತದೆ, ಇಲ್ಲವೇ ತಮ್ಮನೊಬ್ಬ ತೀರಿಕೊಳ್ಳುತ್ತಾನೆ ಎಂದಿಟ್ಟುಕೊಳ್ಳಿ. ತಾನು ಅಂದು ಕದ್ದು ತಿಂದದ್ದಕ್ಕೆ ಹೀಗಾಯಿತೆಂದು ಆ ಮಗು ಒಳಗೊಳಗೇ ಕೊರಗಬಹುದು. ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಲಿಕ್ಕಿಲ್ಲ. ಹುಟ್ಟುಕುರುಡನನ್ನು ಕಂಡು, ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ಅವನ ತಾಯ್ತಂದೆಯರದೂ ಅಲ್ಲ ಎಂದು ಯೇಸುಸ್ವಾಮಿ ತಿಳಿಸಿದ ಪ್ರಸಂಗ ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿದೆ. ಸ್ವಾಮಿ ಶಿಷ್ಯರ ತಲೆಯಿಂದ ತೆಗೆದುಹಾಕಿದ ಭಾರವನ್ನು ನಾವು ಎಳೆಯ ಮಕ್ಕಳ ತಲೆಯ ಮೇಲೆ ಹೊರಿಸಬಾರದು.

ಹಾಗಾದರೆ ‘ಏಕೆ?’ ಎಂದು ಕೇಳುವ ಮಗುವಿಗೆ ಏನು ಹೇಳಬೇಕು? ಈ ಪ್ರಶ್ನೆ ಹೊಸದಲ್ಲ; ಪವಿತ್ರ ಗ್ರಂಥವೇ ಇದನ್ನು ಮುಂಗಂಡು ಉತ್ತರವನ್ನೂ ಇಟ್ಟಿದೆ. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ, ಮುಂದೊಂದು ದಿನ ನಿಮ್ಮ ಮಗ ಈ ವಿಧಿನಿಯಮಗಳ ಅರ್ಥವೇನೆಂದು ಕೇಳಿದರೆ ಹೇಗೆ ಉತ್ತರಿಸಬೇಕೆಂದು ಮೋಶೆ ಇಸ್ರಯೇಲರಿಗೆ ತಿಳಿಸುತ್ತಾನೆ. ಆ ಉತ್ತರ ಬೆದರಿಕೆಯಿಂದ ಆರಂಭವಾಗುವುದಿಲ್ಲ, ಕಥೆಯಿಂದ ಆರಂಭವಾಗುತ್ತದೆ. ನಾವು ಈಜಿಪ್ಟಿನಲ್ಲಿ ಫರೋಹನ ಗುಲಾಮರಾಗಿದ್ದೆವು, ಸರ್ವೇಶ್ವರ ನಮ್ಮನ್ನು ಬಿಡಿಸಿ ತಂದರು, ನಮ್ಮ ಒಳಿತಿಗಾಗಿಯೇ ಈ ಕಟ್ಟಳೆಗಳನ್ನು ಕೊಟ್ಟರು ಎಂಬುದು ಅದರ ಸಾರ. ವಿಮೋಚನಾಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿಯೂ ಇದೇ ಕ್ರಮವಿದೆ. ಸಿನಾಯಿ ಬೆಟ್ಟದಲ್ಲಿ ಮೊದಲನೆಯ ಕಟ್ಟಳೆಯನ್ನು ನುಡಿಯುವುದಕ್ಕೂ ಮುನ್ನ ದೇವರು ತಾವು ಆ ಜನರಿಗಾಗಿ ಏನು ಮಾಡಿದೆವೆಂಬುದನ್ನು ನೆನಪಿಸುತ್ತಾರೆ. ಮೊದಲು ಬಿಡುಗಡೆ, ಅನಂತರ ಕಟ್ಟಳೆ. ಈ ಕ್ರಮವನ್ನು ತಲೆಕೆಳಗು ಮಾಡಿ, ಕಟ್ಟಳೆಯನ್ನು ಮುಂದಿಟ್ಟು ಉಪಕಾರವನ್ನು ಮರೆಮಾಡಿದರೆ ಮಗುವಿಗೆ ಉಳಿಯುವುದು ಬೇಡ, ಬೇಡ ಎಂಬ ಪಟ್ಟಿ ಮಾತ್ರ.

ಪ್ರೀತಿಯಿಲ್ಲದ ವಿಧೇಯತೆ ಎಂಥದೆಂಬುದನ್ನು ಯೇಸುಸ್ವಾಮಿ ಒಂದು ಸಾಮತಿಯಲ್ಲಿ ತೋರಿಸಿಕೊಟ್ಟಿದ್ದಾರೆ. ಸಂತ ಲೂಕರ ಶುಭಸಂದೇಶದ ಹದಿನೈದನೆಯ ಅಧ್ಯಾಯದಲ್ಲಿ ಬರುವ ದುಂದುಗಾರ ಮಗನ ಕಥೆ ಎಲ್ಲರಿಗೂ ಗೊತ್ತು. ಅಲ್ಲಿ ಮನೆಯಲ್ಲಿಯೇ ಉಳಿದಿದ್ದ ಹಿರಿಯ ಮಗನನ್ನು ನಾವು ಅಷ್ಟಾಗಿ ನೋಡುವುದಿಲ್ಲ. ಅವನು ತಂದೆಯ ಮಾತನ್ನು ಒಮ್ಮೆಯೂ ಮೀರಿದವನಲ್ಲ. ಆದರೂ ತಾನು ಆಳಿನಂತೆ ದುಡಿದೆನೆಂದು ಅವನ ಬಾಯಿಂದಲೇ ಮಾತು ಹೊರಬೀಳುತ್ತದೆ. ತಂದೆಯ ಆಸ್ತಿಯೆಲ್ಲ ಅವನದೇ ಆಗಿತ್ತು. ತಂದೆಯ ಮನಸ್ಸು ಮಾತ್ರ ಅವನಿಗೆ ತಿಳಿದಿರಲಿಲ್ಲ. ತಮ್ಮ ಮರಳಿ ಬಂದಾಗ ಅವನಿಗೆ ಸಂತೋಷಪಡಲಾಗಲಿಲ್ಲ. ಹತ್ತು ಕಟ್ಟಳೆಗಳನ್ನೂ ಪಾಲಿಸಿ ಮನೆಯೊಳಗೆ ಬರಲೊಲ್ಲದೆ ಅಂಗಳದಲ್ಲಿ ನಿಲ್ಲುವ ಮಕ್ಕಳನ್ನು ಬೆಳೆಸುವುದು ನಮ್ಮ ಗುರಿಯಾಗಬಾರದು. ತಮ್ಮನ್ನು ಪ್ರೀತಿಸುವವರು ತಮ್ಮ ಆಜ್ಞೆಗಳನ್ನು ಪಾಲಿಸುವರೆಂದು ಕಡೆಯ ಭೋಜನದ ರಾತ್ರಿ ಸ್ವಾಮಿ ಹೇಳಿದಾಗಲೂ ಪ್ರೀತಿಯನ್ನೇ ಮೊದಲು ಇಟ್ಟರು.

ಧರ್ಮಸಭೆಯ ಬೋಧನೆಯೂ ಹೀಗೆಯೇ ಇದೆ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಹತ್ತು ಕಟ್ಟಳೆಗಳನ್ನು ಎರಡು ಅಧ್ಯಾಯಗಳಲ್ಲಿ ವಿವರಿಸುತ್ತದೆ. ಮೊದಲ ಮೂರು ದೇವರನ್ನು ಪ್ರೀತಿಸುವ ಕಟ್ಟಳೆಯ ಕೆಳಗೆ, ಉಳಿದ ಏಳು ನೆರೆಯವರನ್ನು ಪ್ರೀತಿಸುವ ಕಟ್ಟಳೆಯ ಕೆಳಗೆ ಬರುತ್ತವೆ. ಪಾಪನಿವೇದನೆಯ ಸಂಸ್ಕಾರದ ವಿಷಯದಲ್ಲಿ, 1551ರಲ್ಲಿ ಟ್ರೆಂಟ್ ಮಹಾಸಭೆ ಕಲಿಸಿದಂತೆ, ಶಿಕ್ಷೆಯ ಭಯದಿಂದ ಹುಟ್ಟುವ ಪಶ್ಚಾತ್ತಾಪವೂ ದೇವರ ವರವೇ. ಆದರೆ ಅದು ಅಪೂರ್ಣ. ದೇವರನ್ನು ಪ್ರೀತಿಸುವ ಕಾರಣಕ್ಕೇ ಮರುಗುವುದು ಪೂರ್ಣ ಪಶ್ಚಾತ್ತಾಪ. ಭಯ ಹೊಸ್ತಿಲಾಗಬಹುದು, ಆದರೆ ಹೊಸ್ತಿಲಲ್ಲಿಯೇ ಸಂಸಾರ ಹೂಡಲಾಗದು.

ಇಲ್ಲಿ ಓದುಗರು ಒಂದು ಆಕ್ಷೇಪ ಎತ್ತಬಹುದು. ಭಯವಿಲ್ಲದಿದ್ದರೆ ಮಕ್ಕಳು ಕೈಮೀರುವುದಿಲ್ಲವೇ? ದೇವಭಯವನ್ನು ಪವಿತ್ರಾತ್ಮರ ಏಳು ವರಗಳಲ್ಲಿ ಒಂದೆಂದು ಧರ್ಮಸಭೆ ಹೇಳುವುದಿಲ್ಲವೇ? ನಿಜ. ಆದರೆ ನಮ್ಮ ಹಿರಿಯರು ಆ ಮಾತನ್ನು ಒಂಟಿಯಾಗಿ ಬಳಸಲಿಲ್ಲ, ಭಯಭಕ್ತಿ ಎಂದರು. ಪ್ರೀತಿಸುವವರ ಮನಸ್ಸನ್ನು ನೋಯಿಸಬಾರದೆಂಬ ಅಳುಕು ಬೇರೆ, ಬಡಿಗೆ ಹಿಡಿದವನನ್ನು ಕಂಡು ನಡುಗುವುದು ಬೇರೆ. ಇನ್ನು ಪ್ರೀತಿಯೆಂದರೆ ಮುದ್ದು ಮಾಡಿ ಬಿಡುವುದೂ ಅಲ್ಲ. ಅಳು ನಿಲ್ಲಿಸಲು ಮೊಬೈಲನ್ನು ಕೈಗಿಡುವುದು, ಜಪಸರಕ್ಕೆ ಕೂರಿಸಲು ಚಾಕಲೇಟಿನ ಆಸೆ ತೋರಿಸುವುದು, ಇವೂ ಬೆದರಿಕೆಯ ಒಡಹುಟ್ಟುಗಳೇ. ಎರಡರಲ್ಲಿಯೂ ಮಗು ಲಾಭನಷ್ಟದ ಲೆಕ್ಕ ಕಲಿಯುತ್ತದೆಯೇ ಹೊರತು ಒಳಿತನ್ನು ಪ್ರೀತಿಸಲು ಕಲಿಯುವುದಿಲ್ಲ.

ಕಟ್ಟಳೆ ಎಂದರೇನೆಂಬುದನ್ನು ಮಕ್ಕಳಿಗೆ ತಿಳಿಸಲು ನಮ್ಮ ಸೀಮೆಯಲ್ಲಿ ಉದಾಹರಣೆಗಳಿಗೆ ಕೊರತೆಯಿಲ್ಲ. ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಿಂದ ಹೊರಟ ಮಲಪ್ರಭೆಯ ಕಾಲುವೆಗಳನ್ನು ತೋರಿಸಿ. ಕಾಲುವೆಯ ಏರಿ ನೀರಿನ ವೈರಿಯಲ್ಲ. ಏರಿ ಒಡೆದರೆ ನೀರು ಅಡ್ಡಾದಿಡ್ಡಿ ಹರಿದು ಬೆಳೆಯನ್ನು ಕೊಳೆಸುತ್ತದೆ. ಗಟ್ಟಿಯಾಗಿದ್ದರೆ ದೂರದ ಹೊಲದ ಬಾಯಾರಿಕೆಯನ್ನೂ ತಣಿಸುತ್ತದೆ. ಆದರೆ ನೀರೇ ಇಲ್ಲದ ಕಾಲುವೆಯಲ್ಲಿ ಏರಿ ಎಷ್ಟು ಗಟ್ಟಿಯಾಗಿದ್ದರೇನು? ಪ್ರೀತಿ ನೀರಾದರೆ ಕಟ್ಟಳೆ ಏರಿ. ಇಷ್ಟನ್ನು ಏಳು ವರ್ಷದ ಮಗುವೂ ಗ್ರಹಿಸಬಲ್ಲದು.

ಇನ್ನೊಂದು ಉದಾಹರಣೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಬೈಲಹೊಂಗಲ, ಕಿತ್ತೂರು ಕಡೆಯ ರಸ್ತೆಗಳಲ್ಲಿ ಹೇರು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಓಡಿ ಕಬ್ಬು ಎಳೆಯುವುದು ಹುಡುಗರಿಗೆ ಆಟ. ‘ಅಷ್ಟು ದೊಡ್ಡ ಹೇರಿನಾಗ ಒಂದ ಕಬ್ಬು ಹೋದ್ರ ಏನಾಗತೈತಿ, ಅವ್ವಾ?’ ಎಂದು ಮಗ ಕೇಳಬಹುದು. ಕದಿಯುವುದು ಪಾಪ, ನರಕಕ್ಕೆ ಹೋಗುತ್ತೀ ಎಂದರೆ ಮಾತು ಅಲ್ಲಿಗೆ ಮುಗಿಯಿತು. ಅದರ ಬದಲು ತಾಯಿ ಹೀಗೆ ಹೇಳಬಹುದು: ಆ ಕಬ್ಬನ್ನು ಒಬ್ಬ ರೈತ ವರ್ಷವಿಡೀ ನೀರು ಹಾಯಿಸಿ, ಸಾಲ ಮಾಡಿ ಗೊಬ್ಬರ ಹಾಕಿ ಬೆಳೆದಿದ್ದಾನೆ. ಅವನ ಮನೆಯಲ್ಲಿಯೂ ನಿನ್ನಂಥ ಮಕ್ಕಳಿದ್ದಾರೆ. ದೇವರಿಗೆ ಆ ಮಕ್ಕಳ ಮೇಲೆಯೂ ಪ್ರೀತಿ, ನಿನ್ನ ಮೇಲೆಯೂ ಪ್ರೀತಿ. ಅವರ ಅನ್ನ ಉಳಿಯಲಿ, ನೀನು ಗಾಲಿಯ ಕೆಳಗೆ ಸಿಗದಿರಲಿ ಎಂದೇ ಕದಿಯಬೇಡವೆಂದು ಹೇಳಿದ್ದಾರೆ. ಹೀಗೆ ಒಂದೊಂದು ಕಟ್ಟಳೆಯೂ ಯಾರನ್ನು ಕಾಯುತ್ತದೆಂದು ತೋರಿಸಿಕೊಟ್ಟರೆ ಮಗುವಿಗೆ ಕಟ್ಟಳೆಯ ಹಿಂದಿರುವ ಮುಖ ಕಾಣುತ್ತದೆ.

ಕಿತ್ತೂರಿನ ಇತಿಹಾಸವನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಬಂದಿಯಾಗಿಯೇ ತೀರಿಕೊಂಡಳು. ಆಜ್ಞೆ ಕೊಡುವ, ಬಹುಮಾನ ನೀಡುವ, ದಂಡಿಸುವ ರಾಣಿಯೇ ಇಲ್ಲವಾದ ಮೇಲೂ ಸಂಗೊಳ್ಳಿ ರಾಯಣ್ಣ ಹಿಂದೆ ಸರಿಯಲಿಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ಯುದ್ಧದ ವಿಚಾರ ಬೇರೆ. ಯಾರೂ ನೋಡುತ್ತಿಲ್ಲದಾಗಲೂ ನಿಲ್ಲುವ ನಿಷ್ಠೆ ಎಲ್ಲಿಂದ ಹುಟ್ಟುತ್ತದೆಂದು ಮಕ್ಕಳನ್ನು ಕೇಳಿ. ಉತ್ತರವನ್ನು ಅವರೇ ಹೇಳುತ್ತಾರೆ. ಹಾಗೆಯೇ ನಮ್ಮ ಮಕ್ಕಳ ಜೊತೆಗೆ ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳುವ ಲಿಂಗಾಯತ ಮಕ್ಕಳು ಬಸವಣ್ಣನವರ ಏಳು ನೀತಿಗಳನ್ನು ಮನೆಯಲ್ಲಿ ಕಲಿತಿರುತ್ತಾರೆ. ಕಳವು, ಕೊಲೆ, ಸುಳ್ಳುಗಳನ್ನು ಬೇಡವೆನ್ನುವ ಆ ವಚನವೂ ಕೊನೆಗೆ ದೇವರನ್ನು ಒಲಿಸಿಕೊಳ್ಳುವ ಮಾತಿನಲ್ಲಿ ಮುಗಿಯುತ್ತದೆ. ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಕಾವಿಯುಟ್ಟು, ವಿರಕ್ತಮಠದ ರೀತಿಯನ್ನು ಅನುಸರಿಸಿ ಬಾಳಿರುವುದನ್ನು ಬಲ್ಲ ನಮಗೆ, ಈ ನೆಲದ ಮಾತಿನಲ್ಲಿಯೇ ದೇವರ ಪ್ರೀತಿಯನ್ನು ತಿಳಿಸಬಹುದೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಮಿಗಿಲಾದ ಪಾಠ ಮನೆಯವರ ನಡತೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯ ಅರ್ಥ ರಾಮದುರ್ಗದ ನೇಕಾರ ಮನೆಗಳಿಗೆ ಚೆನ್ನಾಗಿ ಗೊತ್ತು. ಸಾಲ ಕೇಳಲು ಬಂದವರಿಗೆ ಅಪ್ಪ ಮನೆಯಲ್ಲಿಲ್ಲವೆಂದು ಹೇಳೆಂದು ಮಗುವನ್ನೇ ಬಾಗಿಲಿಗೆ ಕಳುಹಿಸುವ ತಂದೆ ಎಂಟನೆಯ ಕಟ್ಟಳೆಯನ್ನು ಎಷ್ಟು ಸಲ ಬಾಯಿಪಾಠ ಮಾಡಿಸಿದರೂ ವ್ಯರ್ಥ. ಆಳಿನ ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡುವುದನ್ನು, ತೂಕದಲ್ಲಿ ಮೋಸ ಮಾಡದಿರುವುದನ್ನು ಕಂಡ ಮಗುವಿಗೆ ಏಳನೆಯ ಕಟ್ಟಳೆ ತಾನಾಗಿ ತಿಳಿಯುತ್ತದೆ. ಅಜ್ಜಿಗೆ ಮೊದಲು ರೊಟ್ಟಿ ಬಡಿಸಿ ಅನಂತರ ತಾನು ಉಣ್ಣುವ ಸೊಸೆ ನಾಲ್ಕನೆಯ ಕಟ್ಟಳೆಯ ಉಪದೇಶಿ. ಸಿಟ್ಟಿನಲ್ಲಿ ಅನ್ಯಾಯವಾಗಿ ಗದರಿಸಿದ ತಂದೆ ಮಗನ ಕ್ಷಮೆ ಕೇಳಿದರೆ ಅವನ ಹಿರಿತನ ಕುಂದುವುದಿಲ್ಲ. ಪಾಪನಿವೇದನೆ ಎಂದರೇನೆಂಬುದು ಮಗನಿಗೆ ಅಂದೇ ಅರ್ಥವಾಗುತ್ತದೆ.

ವಿವೇಚನೆಯ ವಯಸ್ಸು ಸುಮಾರು ಏಳು ವರ್ಷವೆಂದು ಪೋಪ್ ಹತ್ತನೆಯ ಪಿಯುಸರು 1910ರ ಆಗಸ್ಟ್ 8ರ ಆದೇಶದಲ್ಲಿ ಸ್ಪಷ್ಟಪಡಿಸಿ, ಎಳೆಯರಿಗೆ ಪರಮಪ್ರಸಾದದ ಬಾಗಿಲು ತೆರೆದರು. ಮಕ್ಕಳ ಮೊದಲ ಗುರುಗಳು ತಾಯ್ತಂದೆಯರೇ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಮಕ್ಕಳನ್ನು ಪ್ರೀತಿಸುವುದಷ್ಟೇ ಸಾಲದು, ತಮ್ಮನ್ನು ಪ್ರೀತಿಸುತ್ತಾರೆಂಬುದು ಮಕ್ಕಳಿಗೆ ತಿಳಿದಿರಬೇಕೆಂದು ಸಂತ ಜಾನ್ ಬೋಸ್ಕೊ 1884ರಲ್ಲಿ ತಮ್ಮ ಸಂಗಡಿಗರಿಗೆ ಬರೆದ ಪತ್ರದಲ್ಲಿ ಎಚ್ಚರಿಸಿದ್ದರು. ಬೀದಿಯ ಹುಡುಗರ ನಡುವೆ ಬಾಳಿದ ಆ ಗುರು ಬೆತ್ತವನ್ನು ನೆಚ್ಚದೆ ವಿಚಾರ, ಧರ್ಮಶ್ರದ್ಧೆ, ಅಕ್ಕರೆಗಳನ್ನು ನೆಚ್ಚಿದರು.

ಇದಕ್ಕೆಲ್ಲ ಹೆಚ್ಚಿನ ಓದು ಬೇಕಿಲ್ಲ, ಹಣವೂ ಬೇಕಿಲ್ಲ. ಸಂಜೆಯ ಜಪಸರ ಮುಗಿದ ಮೇಲೆ ಐದು ನಿಮಿಷ ಮೊಬೈಲನ್ನೂ ಟಿ.ವಿ.ಯನ್ನೂ ಬದಿಗಿಟ್ಟು, ವಾರಕ್ಕೊಂದು ಕಟ್ಟಳೆಯಂತೆ ಮಕ್ಕಳೊಡನೆ ಮಾತನಾಡಿದರೆ ಸಾಕು. ಇಂದು ದೇವರು ನಮಗೆ ಏನು ಕೊಟ್ಟರೆಂದು ಮೊದಲು ಕೇಳಿ. ನಾವು ದೇವರಿಗೆ ಏನು ಕೊಡೋಣವೆಂದು ಅನಂತರ ಕೇಳಿ. ಆ ಕ್ರಮ ಮಾತ್ರ ತಪ್ಪದಿರಲಿ. ಭಾನುವಾರ ಜ್ಞಾನೋಪದೇಶ ಕಲಿಸುವ ಸಿಸ್ಟರುಗಳೂ ಉಪದೇಶಿಗಳೂ ಮಗು ಎಷ್ಟು ಕಟ್ಟಳೆ ಒಪ್ಪಿಸಿತೆಂಬುದರ ಜೊತೆಗೆ, ಆ ವಾರ ಯಾರಿಗೆ ಒಳಿತು ಮಾಡಿತೆಂದೂ ಕೇಳಲಿ.

ಬಾಯಿಪಾಠ ಬೇಡವೆಂದು ನಾವು ಹೇಳುತ್ತಿಲ್ಲ. ಬಾಯಲ್ಲಿ ನಿಂತದ್ದು ಕಷ್ಟಕಾಲದಲ್ಲಿ ನೆನಪಿಗೆ ಬರುತ್ತದೆ. ಆದರೆ ಅದು ಹೃದಯಕ್ಕೆ ಇಳಿಯಬೇಕಾದರೆ, ಕಟ್ಟಳೆ ಕೊಟ್ಟವರು ತನ್ನ ತಂದೆ ಎಂಬುದು ಮಗುವಿಗೆ ಮೊದಲು ತಿಳಿಯಬೇಕು. ಮುಂದೆ ಈ ಮಕ್ಕಳು ಊರು ಬಿಟ್ಟು ದೂರ ಹೋಗುವರು. ನಾವೂ ಒಂದು ದಿನ ಇಲ್ಲವಾಗುವೆವು. ಅಂದು ಅವರ ಕೈ ಹಿಡಿದು ನಡೆಸುವುದು, ಇಂದು ನಾವು ಅವರಿಗೆ ಪರಿಚಯಿಸುವ ತಂದೆಯ ಪ್ರೀತಿಯೇ.