ಬುಲ್ಢಾಣದಲ್ಲಿ ಉದುರಿದ್ದು ಕೂದಲು, ಪ್ರಶ್ನೆ ಇರೋದು ಪಡಿತರದ ಚೀಲದಲ್ಲಿ

ಕೋವಿಡ್ ಬಂದು ಹೋದ ಮೂರನೇ ತಿಂಗಳಿಗೆ ನನ್ನ ಬಾಚಣಿಗೆ ತುಂಬಾ ಕೂದಲು. ಈರುಳ್ಳಿ ರಸ ಹಚ್ಚಿ ಅಂದವರುಂಟು, ಬೋರ್‌ವೆಲ್ ನೀರು ಬಿಡಿ ಅಂದವರುಂಟು. ವೈದ್ಯರು ಮಾತ್ರ ಸುಮ್ಮನಿರಿ ಅಂದರು. ಜ್ವರದ ಹೊಡೆತಕ್ಕೆ ಕೂದಲ ಬುಡ ವಿಶ್ರಾಂತಿಗೆ ಹೋಗುತ್ತೆ, ಎರಡು-ಮೂರು ತಿಂಗಳ ನಂತರ ಉದುರುತ್ತೆ, ಮತ್ತೆ ಬರುತ್ತೆ ಅನ್ನೋದು ಅವರ ವಿವರಣೆ. ಕೂದಲು ಬಂತು. ಎಣ್ಣೆಗೆ ಸುರಿದ ದುಡ್ಡು ಬರಲಿಲ್ಲ, ಆ ಮಾತು ಬೇರೆ.

ಹಾಗಾಗಿಯೇ ಮಹಾರಾಷ್ಟ್ರದ ಬುಲ್ಢಾಣ ಜಿಲ್ಲೆಯ ಸುದ್ದಿ ನನ್ನನ್ನು ಇನ್ನೂ ಬಿಟ್ಟಿಲ್ಲ. 2024ರ ಡಿಸೆಂಬರ್‌ನಿಂದ 2025ರ ಜನವರಿವರೆಗೆ ಶೇಗಾಂವ್ ತಾಲೂಕಿನ ಹಳ್ಳಿಗಳಲ್ಲಿ ಜನರಿಗೆ ಮೊದಲು ತಲೆ ತುರಿಕೆ, ಆಮೇಲೆ ಮೂರು-ನಾಲ್ಕು ದಿನದಲ್ಲಿ ಬೋಳು. ಹೆಂಗಸರು, ಕಾಲೇಜು ಹುಡುಗಿಯರು, ಮಕ್ಕಳು ಯಾರನ್ನೂ ಬಿಡಲಿಲ್ಲ. 18 ಹಳ್ಳಿಗಳಲ್ಲಿ 279 ಮಂದಿ. ಕೆಲವರು ಕಾಲೇಜು ಬಿಟ್ಟರು, ಮದುವೆ ಮಾತುಕತೆಗಳು ನಿಂತವು. ಕೆಲವು ತಿಂಗಳ ನಂತರ ಉಗುರುಗಳೂ ಉದುರತೊಡಗಿದವು.

ಮೂರು ತಿಂಗಳಲ್ಲ, ಮೂರು ದಿನ! ಬೆಳೆಯುತ್ತಿರುವ ಕೂದಲೇ ಹೀಗೆ ಒಮ್ಮೆಲೇ ಕಳಚೋದು ಕ್ಯಾನ್ಸರ್‌ನ ಕೀಮೋ ಪಡೆದವರಲ್ಲಿ, ಇಲ್ಲವೇ ವಿಷ ದೇಹಕ್ಕೆ ಹೋದಾಗ. ಆದರೂ ಮೊದಲ ಅನುಮಾನ ಬಿದ್ದಿದ್ದು ಶಿಲೀಂಧ್ರದ ಮೇಲೆ, ಶಾಂಪೂ ಮೇಲೆ, ಊರಿನ ಉಪ್ಪು ನೀರಿನ ಮೇಲೆ. ಬಡವರ ಮೈಗೆ ಏನಾದರೂ ಆದರೆ ಅವರ ಸ್ನಾನದಿಂದಲೇ ತನಿಖೆ ಶುರುವಾಗುತ್ತೆ ನೋಡಿ.

ಚೇಳು ಕಡಿತದ ಚಿಕಿತ್ಸೆಗೆ ಹೆಸರಾದ ವೈದ್ಯ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಕೈ ಹಾಕಿದ್ದು ಪಡಿತರ ಗೋಧಿಗೆ. ಅವರು ಪರೀಕ್ಷೆ ಮಾಡಿಸಿದ ಗೋಧಿಯಲ್ಲಿ ಕೆಜಿಗೆ 14.52 ಮಿಲಿಗ್ರಾಂ ಸೆಲೆನಿಯಂ, ತೊಳೆದರೂ 13.61. ಈ ಗೋಧಿ ಪಂಜಾಬ್ ಕಡೆಯಿಂದ ಬಂದದ್ದು, ಅಲ್ಲಿನ ಶಿವಾಲಿಕ್ ಬೆಟ್ಟಗಳಿಂದ ಹರಿದುಬಂದ ಮಣ್ಣಲ್ಲಿ ಸೆಲೆನಿಯಂ ಹೆಚ್ಚು ಅನ್ನೋದು ಅವರ ವಾದ. ಸೆಲೆನಿಯಂ ದೇಹಕ್ಕೆ ಬೇಕು, ಆದರೆ ದಿನಕ್ಕೆ 55 ಮೈಕ್ರೋಗ್ರಾಂ ಸಾಕು. 400 ದಾಟಿದರೆ ಅಪಾಯ. ಲೆಕ್ಕ ಹಾಕಿ: ಅಂಥ 200 ಗ್ರಾಂ ಗೋಧಿಯ ಚಪಾತಿ ತಿಂದರೆ ಸುಮಾರು 2,900 ಮೈಕ್ರೋಗ್ರಾಂ.

ಇದು ಒಬ್ಬ ವೈದ್ಯರ ಶೋಧ, ಅಂತಿಮ ತೀರ್ಪಲ್ಲ, ಒಪ್ಪೋಣ. ಐಸಿಎಂಆರ್ ತಂಡವೂ ಹಳ್ಳಿಗಳಿಗೆ ಹೋಗಿ ಮಾದರಿಗಳನ್ನು ಒಯ್ದಿತ್ತು. ಬುಲ್ಢಾಣದ ಸಂಸದ ಪ್ರತಾಪರಾವ್ ಜಾಧವ್ ಅವರೇ ಕೇಂದ್ರದಲ್ಲಿ ಆರೋಗ್ಯ ಖಾತೆಯ ರಾಜ್ಯ ಸಚಿವರು. ತಾವು ತಿಂದದ್ದು ಏನು ಅಂತ ಆ ಹಳ್ಳಿಗಳಿಗೆ ಮರಾಠಿಯಲ್ಲಿ, ಅರ್ಥವಾಗುವ ಹಾಗೆ ಬರೆದುಕೊಡಲು ಇದಕ್ಕಿಂತ ಹತ್ತಿರದವರು ಇನ್ಯಾರು ಬೇಕು?

ಅಂದಹಾಗೆ, ನಿಮ್ಮ ಮನೆಯಲ್ಲಿ ಒಬ್ಬರಿಗೆ ಕೂದಲು ನಿಧಾನವಾಗಿ ಉದುರುತ್ತಿದ್ದರೆ ಕಬ್ಬಿಣಾಂಶ, ಥೈರಾಯ್ಡ್ ನೋಡಿಸಿ, ಹೆದರಬೇಡಿ. ಇಬ್ಬರು ಮೂವರಿಗೆ ಒಟ್ಟಿಗೆ, ಕೆಲವೇ ದಿನಗಳಲ್ಲಿ ಉದುರಿದರೆ ಎಣ್ಣೆ ಅಂಗಡಿಗೆ ಹೋಗಬೇಡಿ. ತಿಂದ ಧಾನ್ಯ ಎತ್ತಿಟ್ಟು ಆಸ್ಪತ್ರೆಗೆ ಹೋಗಿ.

ಸರ್ಕಾರ ಗೋಧಿ ಖರೀದಿಸುವಾಗ ನೋಡುವ ಗುಣಮಟ್ಟದ ಪಟ್ಟಿಯಲ್ಲಿ ತೇವಾಂಶವಿದೆ, ಕಸಕಡ್ಡಿಯಿದೆ, ಮುರಿದ ಕಾಳಿದೆ, ಹುಳುವಿದೆ. ಸೆಲೆನಿಯಂ ಇಲ್ಲ. ಸಾವಿರಾರು ಕಿಲೋಮೀಟರ್ ದೂರದ ಯಾವುದೋ ಮಣ್ಣಿನ ಬೆಳೆ ನಮ್ಮ ನ್ಯಾಯಬೆಲೆ ಅಂಗಡಿಗಳಿಗೂ ಬರಬಹುದು. ಹೆಬ್ಬೆಟ್ಟು ಒತ್ತಿಸಿಕೊಂಡು ನಾವು ಯಾರು ಅಂತ ಪಕ್ಕಾ ಮಾಡಿಕೊಳ್ಳುವ ವ್ಯವಸ್ಥೆ, ಚೀಲದೊಳಗೆ ಏನಿದೆ ಅಂತಲೂ ಒಮ್ಮೆ ನೋಡಬಹುದಲ್ವಾ?