ಕೆಡದೆ ಉಳಿದದ್ದನ್ನು ಮೊದಲು ಎಣಿಸಿರಿ

ಶಾಲೆಗಳ ವಿಜ್ಞಾನ ಪ್ರದರ್ಶನದಲ್ಲಿ ಬಹುಮಾನ ಯಾವಾಗಲೂ ಕೆಲಸ ಮಾಡುವ ಮಾದರಿಗೇ ಸಲ್ಲುತ್ತದೆ. ತೀರ್ಪುಗಾರರು ಮೇಜಿನ ಬಳಿಗೆ ಬಂದಾಗ ಬಲ್ಬು ಉರಿಯದಿದ್ದರೆ ಆ ಮಗುವಿನ ಸರದಿ ಅಲ್ಲಿಗೇ ಮುಗಿಯಿತು. ಬಲ್ಬು ಏಕೆ ಉರಿಯಲಿಲ್ಲ ಎಂಬುದನ್ನು ಕ್ರಮವಾಗಿ ಹುಡುಕಿ ತೋರಿಸಿದ ಮಗುವಿಗೆ ಬಹುಮಾನ ಕೊಟ್ಟದ್ದನ್ನು ಮೂವತ್ತಕ್ಕೂ ಹೆಚ್ಚು ವರ್ಷಗಳ ಅಧ್ಯಾಪನದಲ್ಲಿ ನಾನು ಕಂಡಿಲ್ಲ. ದೋಷವನ್ನು ಹುಡುಕುವುದು ರಿಪೇರಿಯವನ ಕಸುಬು, ವಿದ್ಯಾರ್ಥಿಯದಲ್ಲ ಎಂದು ನಾವು ಭಾವಿಸಿದಂತಿದೆ. ಆದರೆ ಅದೂ ಒಂದು ವಿದ್ಯೆ. ಅದಕ್ಕೆ ನಿಯಮಗಳಿವೆ, ಅದನ್ನು ಕಲಿಸಬಹುದು, ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಬರೆಯಲು ಪ್ರೇರಣೆಯಾದದ್ದು ಒಂದು ಡ್ರೋನ್ ಎಂದರೆ ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕಾರು. ನಗಲಿ, ಆದರೆ ಕೊನೆಯವರೆಗೆ ಓದಲಿ.

ಕೇರಳದ ಗಡಿಗೆ ತಾಗಿಕೊಂಡಿರುವ ನಮ್ಮ ಮಂಡೆಕೋಲಿನಲ್ಲಿ ಅಡಿಕೆ ತೋಟವೆಂಬುದು ಜೀವನಾಧಾರ. ಸುಳ್ಯ ತಾಲೂಕಿನ ತೋಟಗಳಿಗೆ ಹಳದಿ ಎಲೆ ರೋಗ ತಗಲಿ ಬಹಳ ಕಾಲವಾಯಿತು. ಅದರ ಮೇಲೆ ಎಲೆಚುಕ್ಕಿ ರೋಗವೂ ಬಂದಿದೆ. ಹಳದಿ ರೋಗದ ಮೊದಲ ಗುರುತು ಹೊರಸುತ್ತಿನ ಸೋಗೆಗಳಲ್ಲಿ, ಎಲೆಗಳ ತುದಿಯಿಂದ ಆರಂಭವಾಗುತ್ತದೆ. ಐವತ್ತು ಅಡಿ ಎತ್ತರದ ಮರದ ತಲೆಯಲ್ಲಿ ಏನಾಗುತ್ತಿದೆಯೆಂದು ಬುಡದಲ್ಲಿ ನಿಂತವನಿಗೆ ತಿಳಿಯುವುದಿಲ್ಲ. ಮರ ಹತ್ತುವವರು ಈಗ ಸಿಗುವುದೂ ಇಲ್ಲ. ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ ಕಳೆದ ರಜೆಯಲ್ಲಿ ಬಿಡಿಭಾಗಗಳನ್ನು ತರಿಸಿ ಒಂದು ಪುಟ್ಟ ಡ್ರೋನನ್ನು ಜೋಡಿಸಿದ್ದು ಈ ಕಾರಣಕ್ಕಾಗಿ. ಮೇಲಿನಿಂದ ತೋಟವನ್ನು ನೋಡಬೇಕು, ಮರಮರದ ತಲೆಯ ಚಿತ್ರ ತೆಗೆಯಬೇಕು ಎಂಬುದು ಅವನ ಆಸೆ.

ಬಿಡಿಭಾಗಗಳನ್ನು ತರಿಸಿ ಜೋಡಿಸುವುದಕ್ಕೂ ಹಿನ್ನೆಲೆಯುಂಟು. 2022ರ ಫೆಬ್ರವರಿ 9ರಂದು ಕೇಂದ್ರ ಸರಕಾರವು ಸಿದ್ಧ ಡ್ರೋನುಗಳ ಆಮದನ್ನು, ರಕ್ಷಣೆ, ಭದ್ರತೆ ಮತ್ತು ಸಂಶೋಧನೆಯ ಉದ್ದೇಶಗಳನ್ನು ಹೊರತುಪಡಿಸಿ, ನಿಷೇಧಿಸಿತು. ಬಿಡಿಭಾಗಗಳಿಗೆ ಆ ನಿಷೇಧವಿರಲಿಲ್ಲ. ಹೀಗಾಗಿ ಹವ್ಯಾಸಿಗಳಲ್ಲಿ ಅನೇಕರು ಜೋಡಣೆಯ ದಾರಿ ಹಿಡಿದರು. ಜೋಡಿಸಿದವನಿಗೆ ಕೆಟ್ಟಾಗ ಬಿಚ್ಚುವ ಹೊಣೆಯೂ ತಪ್ಪುವುದಿಲ್ಲ.

ಡ್ರೋನ್ ಹಾರಿತು. ಕ್ಯಾಮರಾ ಮಾತ್ರ ಬಾಗಲಿಲ್ಲ.

ಇಲ್ಲಿ ಗಿಂಬಲ್ ಎಂಬ ಭಾಗದ ಪರಿಚಯ ಮಾಡಿಕೊಡಬೇಕು. ಹಡಗು ಎಷ್ಟೇ ಹೊಯ್ದಾಡಿದರೂ ಅದರ ದಿಕ್ಸೂಚಿ ಸಮತಟ್ಟಾಗಿರಲೆಂದು ಹಿಂದಿನ ನಾವಿಕರು ಅದನ್ನು ಒಂದರೊಳಗೊಂದು ತಿರುಗುವ ಬಳೆಗಳಲ್ಲಿ ಕೂರಿಸುತ್ತಿದ್ದರು. ಆ ಬಳೆಗಳ ವ್ಯವಸ್ಥೆಯೇ ಗಿಂಬಲ್. ಡ್ರೋನಿನಲ್ಲಿ ಬಳೆಗಳ ಜಾಗದಲ್ಲಿ ಪುಟ್ಟ ಮೋಟಾರುಗಳಿವೆ. ಕ್ಯಾಮರಾದ ಬೆನ್ನಿಗಂಟಿದ ಸಂವೇದಕವು ಅದು ಎಷ್ಟು ವಾಲಿತೆಂದು ಕ್ಷಣಕ್ಷಣವೂ ತಿಳಿಸುತ್ತದೆ. ಮೋಟಾರು ಅಷ್ಟನ್ನೇ ಹಿಂದಕ್ಕೆ ತಿರುಗಿಸುತ್ತದೆ. ಇದರ ಜೊತೆಗೆ, ಕೆಳಗೆ ನಿಂತವನು ಕೈಯಲ್ಲಿರುವ ನಿಯಂತ್ರಕದ ಗುಂಡಿಯನ್ನು ತಿರುಗಿಸಿದರೆ ಕ್ಯಾಮರಾ ದಿಗಂತದಿಂದ ನೆಲದ ಕಡೆಗೆ ಬಾಗಬೇಕು. ಮರದ ತಲೆಯನ್ನು ನೋಡಲು ಅದು ಅಗತ್ಯ. ನೇರ ಮುಂದಕ್ಕೆ ನೋಡುವ ಕ್ಯಾಮರಾಕ್ಕೆ ಕಾಣುವುದು ಎದುರಿನ ಗುಡ್ಡ ಮತ್ತು ಆಕಾಶ.

"ಮಾವ, ಗಿಂಬಲ್‌ನ ಮೋಟಾರು ಸುಟ್ಟಿರಬೇಕು. ಹೊಸ ಗಿಂಬಲ್‌ಗೆ ಆರು ಸಾವಿರ ರೂಪಾಯಿ ಆಗ್ತದೆ, ತರಿಸಿಬಿಡುತ್ತೇನೆ" ಎಂದ. ಅವನ ತಂದೆ ಅಡಿಕೆ ಮಾರಿದ ಹಣದಲ್ಲಿ ಅದನ್ನು ಕೊಡುವವರೇ. ನಾನು ಕೇಳಿದ್ದು ಒಂದೇ ಮಾತು: "ಯಾವುದು ಕೆಟ್ಟಿದೆ ಎಂಬುದು ಹಾಗಿರಲಿ; ಯಾವುದೆಲ್ಲ ಸರಿಯಿದೆ, ಹೇಳು."

ದೋಷ ಹುಡುಕುವ ವಿದ್ಯೆಯ ಮೊದಲ ಪಾಠ ಇದೇ ಎಂದು ನನ್ನ ನಂಬಿಕೆ. ಕೆಟ್ಟ ವಸ್ತುವಿನ ಎದುರು ಕುಳಿತಾಗ ನಮ್ಮ ಮನಸ್ಸು ಕೆಟ್ಟದ್ದನ್ನೇ ಊಹಿಸುತ್ತದೆ; ಊಹೆ ಬೇಗನೆ ತೀರ್ಪಾಗುತ್ತದೆ. ಸರಿಯಿರುವುದನ್ನು ಎಣಿಸತೊಡಗಿದರೆ ದೋಷ ಅಡಗಲು ಇರುವ ಜಾಗ ತಾನಾಗಿ ಕಿರಿದಾಗುತ್ತದೆ.

ನಾವು ಡ್ರೋನನ್ನು ಮೇಜಿನ ಮೇಲಿಟ್ಟೆವು. ಮೊದಲು ನಾಲ್ಕೂ ಪ್ರೊಪೆಲ್ಲರುಗಳನ್ನು ಬಿಚ್ಚಿಸಿದೆ. ಪರೀಕ್ಷಿಸುವಾಗ ಆಕಸ್ಮಿಕವಾಗಿ ಅವು ತಿರುಗಿದರೆ ಬೆರಳು ಉಳಿಯುವುದಿಲ್ಲ. ಇದರಲ್ಲಿ ರಿಯಾಯಿತಿ ಇಲ್ಲ. ಬಳಿಕ ಹೆಬ್ಬೆರಳಿನಿಂದ ಕ್ಯಾಮರಾದವರೆಗೆ ಆಜ್ಞೆ ಸಾಗುವ ದಾರಿಯನ್ನು ಕಾಗದದಲ್ಲಿ ಬರೆಸಿದೆ. ತಿರುಗುವ ಗುಂಡಿ, ಟ್ರಾನ್ಸ್‌ಮಿಟರ್, ರಿಸೀವರ್, ರಿಸೀವರಿನಿಂದ ಹಾರಾಟ ನಿಯಂತ್ರಕಕ್ಕೆ ಹೋಗುವ ತಂತಿ, ನಿಯಂತ್ರಕದೊಳಗಿನ ತಂತ್ರಾಂಶದ ಹೊಂದಾಣಿಕೆ, ಅಲ್ಲಿಂದ ಗಿಂಬಲ್‌ಗೆ ಹೋಗುವ ತಂತಿ, ಗಿಂಬಲ್‌ನ ಫಲಕ, ಮೋಟಾರು. ಒಟ್ಟು ಎಂಟು ಕೊಂಡಿಗಳ ಸರಪಳಿ. ಒಂದೊಂದನ್ನೇ ಬದಲಿಸುತ್ತ ಹೋದರೆ ಏಳು ಸಲ ಬದಲಿಸಬೇಕಾದೀತು. ಪ್ರತಿ ಪ್ರಶ್ನೆಯಿಂದಲೂ ಅರ್ಧದಷ್ಟನ್ನು ಹೊರಗೆ ಹಾಕುತ್ತ ಹೋದರೆ ಮೂರೇ ಪ್ರಶ್ನೆ ಸಾಕು. ಎರಡರ ಮೂರನೆಯ ಘಾತ ಎಂಟು ಎಂದು ಎಂಟನೆಯ ತರಗತಿಯಲ್ಲಿ ಕಲಿತದ್ದರ ಉಪಯೋಗ ಇದು.

ಮೊದಲನೆಯ ಪ್ರಶ್ನೆಗೆ ಉಪಕರಣವೇ ಬೇಕಿರಲಿಲ್ಲ. ವಿದ್ಯುತ್ ಕೊಟ್ಟು, ಡ್ರೋನನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ವಾಲಿಸಿದೆವು. ಕ್ಯಾಮರಾ ಮಾತ್ರ ದಿಗಂತವನ್ನು ನೋಡುತ್ತ ಸಮವಾಗಿಯೇ ನಿಂತಿತ್ತು. ಸಂವೇದಕ ಅಳೆಯುತ್ತಿದೆ, ಫಲಕ ಲೆಕ್ಕ ಮಾಡುತ್ತಿದೆ, ಮೋಟಾರು ತಿರುಗುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಸುಟ್ಟ ಮೋಟಾರು ಹೀಗೆ ನಿಲ್ಲಿಸಲಾರದು. ಆಜ್ಞೆಯನ್ನು ಸ್ವೀಕರಿಸುವ ತುದಿಯೊಂದನ್ನು ಬಿಟ್ಟರೆ ಕೊನೆಯ ಎರಡು ಕೊಂಡಿಗಳು ನಿರ್ದೋಷಿಗಳಾದವು. ಆರು ಸಾವಿರ ರೂಪಾಯಿಯ ಊಹೆ ಅಲ್ಲಿಗೆ ಬಿದ್ದುಹೋಯಿತು.

ಎರಡನೆಯ ಪ್ರಶ್ನೆಗೆ ಲ್ಯಾಪ್‌ಟಾಪ್ ಬೇಕಾಯಿತು. ಇಂಥ ಡ್ರೋನಿಗೆ ಆಜ್ಞೆಗಳು ತುಡಿತಗಳ ರೂಪದಲ್ಲಿ ಸಾಗುತ್ತವೆ. ಸಾಮಾನ್ಯ ಸರ್ವೋ ಮೋಟಾರಿಗೆ ಸೆಕೆಂಡಿಗೆ ಸುಮಾರು 50 ತುಡಿತಗಳು. ತುಡಿತದ ಉದ್ದ 1000 ಮೈಕ್ರೋಸೆಕೆಂಡ್ ಆದರೆ ಒಂದು ಕೊನೆ, 2000 ಆದರೆ ಇನ್ನೊಂದು ಕೊನೆ, 1500 ನಡು. ತಂತ್ರಾಂಶದ ಪರದೆಯಲ್ಲಿ ಈ ಅಂಕಿಗಳು ಕಾಣುತ್ತವೆ. ಅವನು ಗುಂಡಿ ತಿರುಗಿಸಿದಂತೆ ಆರನೆಯ ವಾಹಿನಿಯ ಅಂಕಿ 1000ದಿಂದ 2000ದವರೆಗೆ ಸರಾಗವಾಗಿ ಏರಿ ಇಳಿಯಿತು. ಗುಂಡಿ, ಟ್ರಾನ್ಸ್‌ಮಿಟರ್, ರಿಸೀವರ್, ತಂತಿ ನಾಲ್ಕೂ ಸರಿ. ಉಳಿದದ್ದು ಎರಡು.

ಮೂರನೆಯ ಪ್ರಶ್ನೆ: ಒಳಗೆ ಬಂದ ಆಜ್ಞೆ ಹೊರಗೆ ಹೋಗುತ್ತಿದೆಯೇ? ಅದೇ ಪರದೆಯಲ್ಲಿ ಗಿಂಬಲ್‌ಗೆ ಹೋಗುವ ಅಂಕಿಯನ್ನು ನೋಡಿದೆವು. ಗುಂಡಿ ಎಷ್ಟು ತಿರುಗಿಸಿದರೂ ಅದು ಕದಲಲಿಲ್ಲ. ಅದು ಕದಲಿಯೂ ಕ್ಯಾಮರಾ ಬಾಗದೆ ಇದ್ದಿದ್ದರೆ ತಂತಿಯನ್ನು, ಅದರಲ್ಲೂ ನೆಲತಂತಿಯನ್ನು, ಅನುಮಾನಿಸಬೇಕಿತ್ತು. ಗಿಂಬಲ್‌ನ ಬದಲು ಒಂದು ಪುಟ್ಟ ಸರ್ವೋ ಸಿಕ್ಕಿಸಿ ನೋಡಬೇಕಿತ್ತು. ಆ ಅಗತ್ಯ ಬೀಳಲಿಲ್ಲ. ದೋಷವಿದ್ದದ್ದು ಯಾವ ಲೋಹದಲ್ಲೂ ಅಲ್ಲ, ಬರಿಯ ಒಂದು ಅಂಕಿಯಲ್ಲಿ.

ಅವನು ಬಳಸಿದ್ದು ಆರ್ಡುಪೈಲಟ್ ಎಂಬ ಮುಕ್ತ ತಂತ್ರಾಂಶ. ಅನುಸರಿಸಿದ್ದು ಎಲ್ಲಿಯೋ ಸಿಕ್ಕಿದ ಹಳೆಯ ಸೂಚನೆಗಳನ್ನು. ಹಳೆಯ ಆವೃತ್ತಿಗಳಲ್ಲಿ ಕ್ಯಾಮರಾ ಬಾಗಿಸುವ ವಾಹಿನಿಯ ಸಂಖ್ಯೆಯನ್ನು ಗಿಂಬಲ್‌ನ ಪಟ್ಟಿಯಲ್ಲಿಯೇ ತುಂಬಬೇಕಿತ್ತು. ಹೊಸ ಆವೃತ್ತಿಗಳಲ್ಲಿ ಆ ಜಾಗವೇ ಇಲ್ಲ. ಆರನೆಯ ವಾಹಿನಿಯ ಆಯ್ಕೆಯಲ್ಲಿ 213 ಎಂದು ಬರೆಯಬೇಕು. ಹೊರಹೋಗುವ ದಾರಿಗೆ ಕೊಡಬೇಕಾದ 7 ಎಂಬ ಅಂಕಿಯನ್ನು ಅವನು ಸರಿಯಾಗಿಯೇ ಕೊಟ್ಟಿದ್ದ. ಬಾಗಿಲು ತೆರೆದಿತ್ತು, ಯಾರು ಹೋಗಬೇಕೆಂದು ಹೇಳಿರಲಿಲ್ಲ, ಅಷ್ಟೆ. 213 ಎಂದು ಬರೆದು ನಿಯಂತ್ರಕವನ್ನು ಆರಿಸಿ ಮತ್ತೆ ಚಾಲೂ ಮಾಡಿದಾಗ ಕ್ಯಾಮರಾ ಬಾಗಿತು.

ಬಾಗಿದ್ದು ತಿರುಗಾಮುರುಗಾ! ಕೆಳಗೆ ಎಂದರೆ ಮೇಲಕ್ಕೆ ನೋಡುತ್ತಿತ್ತು. ಅಲ್ಲದೆ ನೆಲದ ಕಡೆಗೆ 45 ಡಿಗ್ರಿ ತಲುಪುವಷ್ಟರಲ್ಲಿ ನಿಂತುಬಿಡುತ್ತಿತ್ತು. ಹುಡುಗ ಉತ್ಸಾಹದಲ್ಲಿ ನಾಲ್ಕಾರು ಅಂಕಿಗಳನ್ನು ಒಟ್ಟಿಗೆ ಬದಲಿಸಲು ಹೊರಟ. ಎರಡನೆಯ ಪಾಠ ಇಲ್ಲಿದೆ: ಒಮ್ಮೆಗೆ ಒಂದೇ ಬದಲಾವಣೆ, ಮತ್ತು ಬದಲಿಸುವ ಮೊದಲು ಹಳೆಯ ಅಂಕಿಯನ್ನು ಬರೆದಿಡುವುದು. ಮೊದಲು ದಿಕ್ಕನ್ನು ತಿರುವು ಮಾಡಿ ಪರೀಕ್ಷಿಸಿದ, ಸರಿಹೋಯಿತು. ಬಳಿಕ ಹಾರಾಟ ನಿಯಂತ್ರಕದಲ್ಲಿ ಬಾಗುವ ಮಿತಿಯನ್ನು ನೋಡಿದ. ಅಲ್ಲಿ 90 ಡಿಗ್ರಿಯೇ ಇತ್ತು. ಆದ್ದರಿಂದ ತಡೆ ಬೇರೆಡೆ ಇರಬೇಕು. ಗಿಂಬಲ್‌ನ ಫಲಕಕ್ಕೂ ತನ್ನದೇ ಆದ ಮಿತಿಯಿದೆ, ಅದು 45ಕ್ಕೆ ಕಟ್ಟಿಕೊಂಡಿತ್ತು. ಅದನ್ನು ಸಡಿಲಿಸಿದಾಗ ಮಸೂರ ನೆಟ್ಟಗೆ ನೆಲವನ್ನು ನೋಡಿತು. ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದರೂ ಬಹುಶಃ ಸರಿಹೋಗುತ್ತಿತ್ತು. ಆದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುತ್ತಿರಲಿಲ್ಲ. ಮುಂದಿನ ಸಲ ಕೆಟ್ಟಾಗ ಅವನು ಮೊದಲಿನಷ್ಟೇ ಅಜ್ಞಾನಿಯಾಗಿರುತ್ತಿದ್ದ.

ಇದು ಡ್ರೋನಿನ ಮಾತು ಮಾತ್ರವಲ್ಲ. ನಮ್ಮ ತೋಟಗಳಲ್ಲಿ ಏನು ನಡೆಯುತ್ತಿದೆಯೆಂದು ನೋಡಿರಿ. ಸೋಗೆ ಹಳದಿಯಾಯಿತೆಂದರೆ ನೆರೆಯವನು ಸುಣ್ಣ ಹಾಕೆನ್ನುತ್ತಾನೆ, ಅಂಗಡಿಯವನು ಎರಡು ಬಾಟಲಿ ಕೊಡುತ್ತಾನೆ, ಭಾವ ಮತ್ತೊಂದು ಗೊಬ್ಬರ ಹೇಳುತ್ತಾನೆ. ಎಲ್ಲವನ್ನೂ ಒಂದೇ ತಿಂಗಳಲ್ಲಿ ಸುರಿಯುತ್ತೇವೆ. ಹಳದಿ ಎಲೆ ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಆದರೆ ಬುಡದಲ್ಲಿ ನೀರು ನಿಂತರೂ, ಪೋಷಕಾಂಶ ಕಡಿಮೆಯಾದರೂ ಸೋಗೆ ಹಳದಿಯಾಗುತ್ತದೆ. ಹಳದಿಯಾದ ಮರವೆಲ್ಲ ಹಳದಿ ರೋಗದ ಮರವಲ್ಲ. ಬಸಿಗಾಲುವೆ ತೋಡಿದರೆ ಸಾಕಾಗುವ ಕಡೆ ಮರವನ್ನೇ ಕಡಿದವರಿದ್ದಾರೆ.

ಇದಕ್ಕೆ ಪ್ರತಿಯಾಗಿ ಒಳ್ಳೆಯ ಉದಾಹರಣೆಯೂ ನಮ್ಮ ಅಡಿಕೆಯ ಚರಿತ್ರೆಯಲ್ಲಿಯೇ ಇದೆ. ಕೆನಡಾದಿಂದ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ಪ್ರಬಂಧ ಪ್ರಕಟಿಸಿದರು. ಅದುವರೆಗೆ ಮಲೆನಾಡಿನ ರೈತರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಕೋಲ್ಮನ್ನರು ಮೊದಲು ರೋಗದ ಕಾರಣವಾದ ಶಿಲೀಂಧ್ರವನ್ನು ಗುರುತಿಸಿದರು, ಮದ್ದು ಆಮೇಲೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠವಾಗಿರುವ ಬೋರ್ಡೋ ದ್ರಾವಣ ನಮ್ಮ ತೋಟಗಳಲ್ಲಿ ನೆಲೆಯೂರಿದ್ದು ಆ ಕ್ರಮದ ಫಲವಾಗಿ. ಇಂದಿಗೂ ಮಳೆಗಾಲದಲ್ಲಿ ನಾವು ಅದನ್ನೇ ಸಿಂಪಡಿಸುತ್ತೇವೆ.

ಇದಕ್ಕೊಂದು ಆಕ್ಷೇಪವಿದೆ, ಅದು ನ್ಯಾಯವಾದದ್ದೇ. "ಈಗ ಯಾರಿಗೆ ಸಮಯವಿದೆ? ಭಾಗವನ್ನೇ ಬದಲಿಸಿದರೆ ಕೆಲಸ ಮುಗಿಯಿತಲ್ಲ" ಎನ್ನುತ್ತಾರೆ, ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು. ಕೆಲವನ್ನು ಬದಲಿಸಲೇಬೇಕು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ರಿಪೇರಿ ಮಾಡಹೊರಟವನು ಮನೆಗೆ ಬೆಂಕಿಯಿಟ್ಟುಕೊಂಡಾನು. ಗಿಂಬಲ್‌ನ ಚಪ್ಪಟೆ ತಂತಿ ಹರಿದರೆ ಹೊಸದೇ ಸರಿ. ಆದರೆ ಹರಿದದ್ದು ಅದೇ ಎಂದು ತಿಳಿಯುವುದಕ್ಕೂ ಹುಡುಕಲೇಬೇಕಲ್ಲವೆ? ನಮ್ಮ ಪ್ರಕರಣದಲ್ಲಿ ಹೊಸ ಗಿಂಬಲ್ ಬಂದು ಕೂತಿದ್ದರೂ ಕ್ಯಾಮರಾ ಬಾಗುತ್ತಿರಲಿಲ್ಲ. ಆಗ ಹುಡುಗ ಇನ್ನೇನನ್ನು ಬದಲಿಸುತ್ತಿದ್ದ? ಟ್ರಾನ್ಸ್‌ಮಿಟರನ್ನೇ? ಕೊನೆಗೆ "ಇದೆಲ್ಲ ನಮ್ಮಂಥವರಿಗಲ್ಲ" ಎಂದು ಅಟ್ಟಕ್ಕೆ ಏರಿಸುತ್ತಿದ್ದ. ಹಳ್ಳಿಯ ಮಕ್ಕಳು ಕಳೆದುಕೊಳ್ಳುವುದು ಆರು ಸಾವಿರವನ್ನಲ್ಲ, ತಮ್ಮಿಂದ ಆದೀತೆಂಬ ಧೈರ್ಯವನ್ನು. ನನಗೆ ಸಂಕಟವಾಗುವುದು ಅದಕ್ಕೆ.

ಆದ್ದರಿಂದ ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನವಿತ್ತು. 2025ರ ಬಜೆಟ್ ಐದು ವರ್ಷಗಳಲ್ಲಿ ಸರಕಾರಿ ಶಾಲೆಗಳಲ್ಲಿ ಇಂಥ 50,000 ಪ್ರಯೋಗಾಲಯಗಳನ್ನು ತೆರೆಯುವುದಾಗಿ ಘೋಷಿಸಿತು. ಒಳ್ಳೆಯದು. ನಿಮ್ಮ ಶಾಲೆಗೆ ಅದು ಬಂದರೆ ಹೊಸ ಸಾಮಗ್ರಿಗಳ ಪಕ್ಕದಲ್ಲಿ ಕೆಟ್ಟ ವಸ್ತುಗಳ ಒಂದು ಕಪಾಟು ಇಡಿರಿ. ಅದಕ್ಕೆ ಅನುದಾನ ಬೇಕಿಲ್ಲ. ಪ್ರತಿ ಮನೆಯಲ್ಲೂ ಕೆಟ್ಟ ಟಾರ್ಚು, ಮಿಕ್ಸಿ, ರೇಡಿಯೋ ಇವೆ. ವಿದ್ಯುತ್ ಸಂಪರ್ಕ ತಪ್ಪಿಸಿ, ಹಿರಿಯರ ಎದುರಿನಲ್ಲಿ ಬಿಚ್ಚಲಿ. ಜೊತೆಗೆ ನಾಲ್ಕು ಅಂಕಣಗಳ ಒಂದು ಪುಸ್ತಕ: ಸರಿಯಿರುವುದೇನು, ಅನುಮಾನ ಯಾವುದರ ಮೇಲೆ, ಮಾಡಿದ ಒಂದೇ ಪರೀಕ್ಷೆ ಯಾವುದು, ಅದರಿಂದ ತಿಳಿದದ್ದೇನು. ವಸ್ತು ಸರಿಯಾಗದಿದ್ದರೂ ಪುಸ್ತಕ ಸರಿಯಾಗಿ ತುಂಬಿದ್ದರೆ ಅಂಕ ಕೊಡಿರಿ.

ಡ್ರೋನ್ ಹಾರಿಸುವವರಿಗೂ ಒಂದು ಮಾತು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ, ಅಲ್ಲಿಂದ 2 ಕಿಲೋವರೆಗಿನದು ಮೈಕ್ರೋ. ಹವ್ಯಾಸಕ್ಕಾಗಿ ಮೈಕ್ರೋ ಹಾರಿಸಲು ಪೈಲಟ್ ಪ್ರಮಾಣಪತ್ರ ಕಡ್ಡಾಯವಲ್ಲವೆಂದು ಅವು ಹೇಳುತ್ತವೆ. ಆದರೆ ನೋಂದಣಿ ಮತ್ತು ವಲಯದ ನಕ್ಷೆಯನ್ನು ಮರೆಯಬಾರದು. ಬಾಗುವ ಕ್ಯಾಮರಾ ನೆರೆಮನೆಯ ಅಂಗಳವನ್ನೂ ನೋಡಬಲ್ಲುದು ಎಂಬುದನ್ನೂ ನೆನಪಿಡಿರಿ.

ಹೊಸದನ್ನು ಮಾಡುವವರು ನಮ್ಮಲ್ಲಿ ಹೆಚ್ಚಲಿ. ಆದರೆ ಕೆಟ್ಟದ್ದರ ಎದುರು ಗಾಬರಿಯಿಲ್ಲದೆ ಕುಳಿತು, ಕಾಗದ ಪೆನ್ಸಿಲು ಹಿಡಿದು, ಸರಿಯಿರುವುದನ್ನು ಎಣಿಸತೊಡಗುವವರು ಪ್ರತಿ ಊರಿಗೆ ನಾಲ್ಕು ಜನ ಇದ್ದರೆ ಆ ಊರು ಯಾರ ಮರ್ಜಿಗೂ ಕಾಯಬೇಕಾಗಿಲ್ಲ. ನಿಮ್ಮ ಶಾಲೆಯಲ್ಲಿ ಆ ಕಪಾಟು ಇಟ್ಟರೆ, ಅದರೊಳಗಿಂದ ಮೊದಲು ಎದ್ದು ನಿಂತ ವಸ್ತು ಯಾವುದೆಂದು ನನಗೆ ತಪ್ಪದೆ ಬರೆದು ತಿಳಿಸಿರಿ.